91ನೇ ದಿನ ಜಾಮೀನು, ಐದನೇ ವರ್ಷವೂ ಸೆರೆ: ಗಡುವು ಯಾರ ಮೇಲಿದೆ?

2024ರ ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಕನ್ನಡದ ಸುದ್ದಿವಾಹಿನಿಗಳು ಒಂದು ಸಂಖ್ಯೆಯನ್ನು ಬಿಡದೆ ಎಣಿಸುತ್ತಿದ್ದವು. ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಮತ್ತು ಇತರರ ಬಂಧನವಾಗಿ ಎಷ್ಟು ದಿನವಾಯಿತು, 90 ದಿನ ತುಂಬಲು ಇನ್ನೆಷ್ಟು ಬಾಕಿ, ಅಷ್ಟರೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸುತ್ತಾರೆಯೇ ಎಂಬುದೇ ಆ ಎಣಿಕೆ. ಗಡುವಿಗೆ ಕೆಲವೇ ದಿನ ಉಳಿದಿರುವಾಗ 3,991 ಪುಟಗಳ ಆರೋಪಪಟ್ಟಿ ನ್ಯಾಯಾಲಯ ತಲುಪಿತು, ಎಣಿಕೆಯೂ ನಿಂತಿತು. ಡಿಸೆಂಬರ್ 13ರಂದು ಹೈಕೋರ್ಟ್ ಜಾಮೀನು ನೀಡಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಅದಾಗಿ ಮೂರು ವಾರ ಕಳೆಯುವ ಮೊದಲೇ, ಸೆಪ್ಟೆಂಬರ್ 2ರಂದು, ಬೇರೊಂದು ಸುದ್ದಿ ಬಂತು. 2020ರ ದೆಹಲಿ ಗಲಭೆಯ ಹಿಂದಿನ ಸಂಚಿಗೆ ಸಂಬಂಧಿಸಿದ ಪ್ರಕರಣದಲ್ಲಿ ಆ ವರ್ಷದಿಂದಲೇ ಜೈಲಿನಲ್ಲಿದ್ದ ಹಲವರಿಗೆ ದೆಹಲಿ ಹೈಕೋರ್ಟ್ ಜಾಮೀನು ನಿರಾಕರಿಸಿತ್ತು. ಆ ಹೊತ್ತಿಗೂ ಪ್ರಕರಣದಲ್ಲಿ ಸಾಕ್ಷಿ ವಿಚಾರಣೆ ಶುರುವಾಗಿರಲಿಲ್ಲ.

ಇಂತಹ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಪೊಲೀಸರು ಒಂದು ದಿನ ತಡ ಮಾಡಿದರೆ ಕೊಲೆ ಆರೋಪಿಯನ್ನೂ ಹೊರಗೆ ಕಳಿಸಬೇಕೆನ್ನುವ ಕಾನೂನು, ವಿಚಾರಣೆ ಐದು ವರ್ಷ ತಡವಾದಾಗ ಸುಮ್ಮನಿರುವುದು ಹೇಗೆ? ನ್ಯಾಯಾಧೀಶರು ಮೃದುವೋ ಕಠಿಣವೋ ಎಂಬಲ್ಲಿ ಇದಕ್ಕೆ ಉತ್ತರ ಹುಡುಕುವುದು ವಾಡಿಕೆ. ಆದರೆ ಕಾನೂನು ಗಡುವನ್ನು ಯಾರ ಮೇಲೆ ಹೊರಿಸಿದೆ, ಆ ಗಡುವು ಮೀರಿದರೆ ನಷ್ಟ ಯಾರಿಗೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಗೊಂದಲದ ಬಹುಪಾಲು ತಿಳಿಯಾಗುತ್ತದೆ. ಬೇರೆ ಬೇರೆ ದೇಶಗಳು ಈ ಪ್ರಶ್ನೆಗಳಿಗೆ ಕೊಟ್ಟಿರುವ ಉತ್ತರಗಳು ಬೇರೆ ಬೇರೆ. ಅವುಗಳ ಪಕ್ಕದಲ್ಲಿಟ್ಟು ನೋಡಿದಾಗ ನಮ್ಮ ವ್ಯವಸ್ಥೆಯ ಸ್ವರೂಪ ಸ್ಪಷ್ಟವಾಗುತ್ತದೆ.

90 ದಿನದ ಲೆಕ್ಕ ಎಲ್ಲಿಂದ ಬಂತು

ಬಂಧಿತ ವ್ಯಕ್ತಿಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಆ ಬಳಿಕ ಎಷ್ಟು ದಿನ ಒಳಗಿಡಬಹುದು ಎಂಬುದು ಶಾಸನಕ್ಕೆ ಬಿಟ್ಟ ವಿಷಯ. 1898ರ ದಂಡ ಪ್ರಕ್ರಿಯಾ ಸಂಹಿತೆ ತನಿಖೆಯ ಅವಧಿಯ ಬಂಧನಕ್ಕೆ 15 ದಿನ ಮಾತ್ರ ಕೊಟ್ಟಿತ್ತು. ಕೇಳಲು ಉದಾರವಾಗಿದ್ದ ಈ ನಿಯಮ ಆಚರಣೆಯಲ್ಲಿ ಪೊಳ್ಳಾಗಿತ್ತು. ಹದಿನೈದು ದಿನದಲ್ಲಿ ತನಿಖೆ ಮುಗಿಯುವುದಿಲ್ಲವೆಂದು ಬಲ್ಲ ಪೊಲೀಸರು ಅಪೂರ್ಣ ವರದಿಯೊಂದನ್ನು ಸಲ್ಲಿಸಿ, ವಿಚಾರಣೆಯನ್ನು ಮುಂದೂಡಲೆಂದೇ ಇದ್ದ ಇನ್ನೊಂದು ಸೆಕ್ಷನ್‌ನ ಅಡಿಯಲ್ಲಿ ಬಂಧನವನ್ನು ಮುಂದುವರಿಸಿಕೊಂಡು ಹೋಗುತ್ತಿದ್ದರು. ಪಾಲಿಸಲಾಗದಷ್ಟು ಬಿಗಿಯಾದ ಗಡುವು ಕೊನೆಗೆ ಗಡುವೇ ಇಲ್ಲದ ಸ್ಥಿತಿಗೆ ದಾರಿ ಮಾಡಿತು. ಇದನ್ನು ಸರಿಪಡಿಸಲು 1973ರ ಸಂಹಿತೆ 60 ದಿನದ ಮಿತಿ ತಂದಿತು. 1978ರ ತಿದ್ದುಪಡಿ ಗಂಭೀರ ಅಪರಾಧಗಳಿಗೆ 90, ಉಳಿದವುಗಳಿಗೆ 60 ಎಂದು ಎರಡು ಮಾಡಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಸೆಕ್ಷನ್ ಇದೇ ಲೆಕ್ಕವನ್ನು ಉಳಿಸಿಕೊಂಡಿದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ 90 ದಿನ, ಮಿಕ್ಕವುಗಳಿಗೆ 60.

ಈ ಅವಧಿಯಲ್ಲಿ ಆರೋಪಪಟ್ಟಿ ಬಾರದಿದ್ದರೆ ಹುಟ್ಟುವ ಹಕ್ಕಿಗೆ ವಕೀಲರು ‘ಡೀಫಾಲ್ಟ್ ಜಾಮೀನು’ ಎನ್ನುತ್ತಾರೆ. ಪತ್ರಿಕೆಗಳು ಇದನ್ನು ‘ತಾಂತ್ರಿಕ ಕಾರಣಕ್ಕೆ ಜಾಮೀನು’ ಎಂದು ಬರೆಯುವುದುಂಟು. ಆ ಮಾತು ಓದುಗರ ದಾರಿ ತಪ್ಪಿಸುತ್ತದೆ. ಸಾಮಾನ್ಯ ಜಾಮೀನಿನಲ್ಲಿ ನ್ಯಾಯಾಧೀಶರು ಆರೋಪದ ಗಾಂಭೀರ್ಯ, ಆರೋಪಿ ಪರಾರಿಯಾಗುವ ಅಥವಾ ಸಾಕ್ಷಿಗಳನ್ನು ಬೆದರಿಸುವ ಸಾಧ್ಯತೆ ಎಲ್ಲವನ್ನೂ ತೂಗಿ ನೋಡುತ್ತಾರೆ. ಡೀಫಾಲ್ಟ್ ಜಾಮೀನಿನಲ್ಲಿ ತೂಗುವ ಕೆಲಸವೇ ಇಲ್ಲ, ಇರುವುದು ದಿನ ಎಣಿಸುವ ಕೆಲಸ ಮಾತ್ರ. ಇಷ್ಟು ದಿನದಲ್ಲಿ ಪೊಲೀಸರು ತಮ್ಮ ಸಂಶಯಕ್ಕೆ ಆಧಾರವನ್ನು ಕಾಗದದ ಮೇಲೆ ತೋರಿಸಲಾಗದಿದ್ದರೆ ಆ ಸಂಶಯದ ಬಲದಿಂದಲೇ ಇನ್ನೂ ಒಳಗಿಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇರುವುದಿಲ್ಲ.

ಎಣಿಕೆಯ ಸೂಕ್ಷ್ಮಗಳು

ಎಲ್ಲವೂ ದಿನದ ಮೇಲೆ ನಿಂತಿರುವುದರಿಂದ ದಿನ ಎಣಿಸುವ ಬಗೆಯೇ ದೊಡ್ಡ ವ್ಯಾಜ್ಯವಾಗಿ ಬೆಳೆದಿದೆ. ಲೆಕ್ಕ ಶುರುವಾಗುವುದು ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ಮೊದಲ ಬಾರಿ ರಿಮಾಂಡ್ ಮಾಡಿದ ದಿನದಿಂದ. ಆ ಮೊದಲ ದಿನವನ್ನು ಸೇರಿಸಬೇಕೋ ಬಿಡಬೇಕೋ ಎಂಬ ಪ್ರಶ್ನೆ ದಶಕಗಳ ಕಾಲ ಎರಡು ದಾರಿಯ ತೀರ್ಪುಗಳಲ್ಲಿ ಸಿಕ್ಕಿಕೊಂಡಿತ್ತು. ಸೇರಿಸಬೇಕು ಎಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಹೇಳಿದ್ದು 2023ರ ಮಾರ್ಚ್‌ನಲ್ಲಿ. ಕೊರೊನಾ ಲಾಕ್‌ಡೌನ್ ಸಮಯದಲ್ಲಿ ನ್ಯಾಯಾಲಯದ ಎಲ್ಲ ಅವಧಿಗಳನ್ನೂ ವಿಸ್ತರಿಸಲಾಗಿತ್ತಲ್ಲ, ಪೊಲೀಸರ ಈ ಗಡುವಿಗೂ ಅದು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಎದ್ದಾಗ ಇಲ್ಲವೆಂದು 2020ರ ಜೂನ್‌ನಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿತು. ದೇಶವೇ ಬಾಗಿಲು ಹಾಕಿಕೊಂಡಾಗಲೂ ಈ ಗಡುವು ಸಡಿಲವಾಗಲಿಲ್ಲ.

ಹಾಗೆಂದು ಈ ಹಕ್ಕು ತಾನಾಗಿ ಬಾಗಿಲು ತೆರೆಯುವುದಿಲ್ಲ, ಆರೋಪಿ ಅದನ್ನು ಕೇಳಬೇಕು. 91ನೇ ದಿನ ಬೆಳಿಗ್ಗೆ ವಕೀಲರು ಅರ್ಜಿ ಕೊಟ್ಟು ಮಧ್ಯಾಹ್ನ ಪೊಲೀಸರು ಆರೋಪಪಟ್ಟಿ ತಂದರೆ ಹಕ್ಕು ಉಳಿಯುತ್ತದೆ. ಪೊಲೀಸರು ಮೊದಲು ಬಂದು ವಕೀಲರು ಆಮೇಲೆ ಬಂದರೆ ಹೋಗುತ್ತದೆ. ಬಾಯಿಮಾತಿನಲ್ಲಿ ಕೇಳಿದರೂ ಸಾಕು ಎಂದು 2017ರ ಒಂದು ತೀರ್ಪು ಹೇಳಿದ್ದು ಈ ಕಾರಣಕ್ಕೇ. ಆದರೆ ವಕೀಲರೇ ಇಲ್ಲದ, ಅಥವಾ ಇದ್ದರೂ ಕಟಕಟೆಯಲ್ಲಿ ಮಾತ್ರ ಮುಖ ಕಾಣುವ ವಕೀಲರಿರುವ ಕೈದಿಗೆ ಇಂದು 91ನೇ ದಿನ ಎಂದು ನೆನಪಿಸುವವರು ಯಾರು? ಗಡುವು ಎಲ್ಲರಿಗೂ ಒಂದೇ ಆದರೂ ಅದರ ಫಲ ಸಿಗುವುದು ಎಣಿಸಬಲ್ಲವರಿಗೆ.

ಕೆಲವು ವಿಶೇಷ ಕಾಯ್ದೆಗಳಲ್ಲಿ ಈ ಅವಧಿ ಉದ್ದವಾಗಿದೆ. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯಡಿ ನ್ಯಾಯಾಲಯದ ಅನುಮತಿ ಪಡೆದು 180 ದಿನಕ್ಕೆ ವಿಸ್ತರಿಸಬಹುದು. ಮಾದಕವಸ್ತು ಕಾಯ್ದೆಯ ಗಂಭೀರ ಪ್ರಕರಣಗಳಲ್ಲಿ ಮೂಲ ಅವಧಿಯೇ 180 ದಿನ, ಅದು ಒಂದು ವರ್ಷದವರೆಗೂ ಹೋಗಬಹುದು.

ಆರೋಪಪಟ್ಟಿಯ ಮರುದಿನ

ಭಾರತೀಯ ವ್ಯವಸ್ಥೆಯ ಅತಿ ಮುಖ್ಯವಾದ, ಅತಿ ಕಡಿಮೆ ಚರ್ಚೆಯಾದ ತಿರುವು ಇಲ್ಲಿದೆ. 89ನೇ ದಿನ ಆರೋಪಪಟ್ಟಿ ಸಲ್ಲಿಕೆಯಾದರೆ 90ರ ಲೆಕ್ಕ ಮುಗಿಯಿತು, ಅದರ ಜಾಗಕ್ಕೆ ಇನ್ನೊಂದು ಲೆಕ್ಕ ಬರುವುದಿಲ್ಲ. ಅಲ್ಲಿಂದ ಮುಂದೆ ಪ್ರಕರಣ ಪೊಲೀಸರ ಕೈಬಿಟ್ಟು ನ್ಯಾಯಾಲಯದ ಕೈಗೆ ಬರುತ್ತದೆ. ಜೈಲಿನ ಒಂದು ಕೋಣೆಯಲ್ಲಿ ವಿಡಿಯೊ ಪರದೆಯ ಮುಂದೆ ಕೈದಿಗಳು ಸಾಲಾಗಿ ನಿಲ್ಲುತ್ತಾರೆ. ಹೆಸರು ಕರೆದಾಗ ಒಬ್ಬೊಬ್ಬರೇ ಮುಂದೆ ಬರುತ್ತಾರೆ, ಅತ್ತ ನ್ಯಾಯಾಲಯದಲ್ಲಿ ಕಡತದ ಹಾಳೆಯ ಮೇಲೆ ಮುಂದಿನ ದಿನಾಂಕ ಬೀಳುತ್ತದೆ. ಸಾಕ್ಷಿಗೆ ಸಮನ್ಸ್ ಜಾರಿಯಾಗಿಲ್ಲ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದಿಲ್ಲ, ಸರ್ಕಾರಿ ಅಭಿಯೋಜಕರು ಬೇರೆ ಕೋರ್ಟಿನಲ್ಲಿದ್ದಾರೆ, ನ್ಯಾಯಾಧೀಶರಿಗೆ ವರ್ಗವಾಗಿದೆ, ಆರೋಪಿಯ ವಕೀಲರೇ ವಾಯಿದೆ ಕೇಳಿದ್ದಾರೆ: ಕಾರಣ ಯಾವುದಾದರೂ ಹಾಳೆಯ ಮೇಲಿನ ಫಲ ಒಂದೇ.

ಎರಡು ಅಪವಾದಗಳಿವೆ. ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸುವ ಜಾಮೀನುರಹಿತ ಪ್ರಕರಣಗಳಲ್ಲಿ ಸಾಕ್ಷ್ಯಕ್ಕೆ ಗೊತ್ತುಮಾಡಿದ ಮೊದಲ ದಿನದಿಂದ 60 ದಿನದಲ್ಲಿ ವಿಚಾರಣೆ ಮುಗಿಯದಿದ್ದರೆ, ಬೇರೆ ಕಾರಣ ದಾಖಲಿಸದ ಹೊರತು, ಒಳಗಿರುವ ಆರೋಪಿಯನ್ನು ಜಾಮೀನಿನ ಮೇಲೆ ಬಿಡಬೇಕು. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ವಿಚಾರಣಾಧೀನರಾಗಿಯೇ ಕಳೆದವರನ್ನೂ ಬಿಡಬೇಕು. ಆದರೆ ಕೊಲೆ, ದರೋಡೆಯಂಥ ಸೆಷನ್ಸ್ ಪ್ರಕರಣಗಳಿಗೆ ಮೊದಲನೆಯದು ಅನ್ವಯಿಸದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಎರಡನೆಯದೂ ಅನ್ವಯಿಸದು.

ನ್ಯಾಯಾಲಯದ ಮೇಲೆಯೇ ಗಡುವು ಹೊರಿಸುವ ಪ್ರಯತ್ನ ನಡೆದಿರಲಿಲ್ಲವೆಂದಲ್ಲ. ಬಿಹಾರದ ಜೈಲುಗಳಲ್ಲಿ ತಮ್ಮ ಮೇಲಿನ ಆರೋಪಕ್ಕೆ ಸಿಗಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ಕೊಳೆಯುತ್ತಿದ್ದವರ ಸಂಗತಿ 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದ ಮೂಲಕ ಬೆಳಕಿಗೆ ಬಂದಾಗ, ಶೀಘ್ರ ವಿಚಾರಣೆ ಸಂವಿಧಾನದ 21ನೇ ವಿಧಿಯ, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ, ಭಾಗ ಎಂದು ಸುಪ್ರೀಂ ಕೋರ್ಟ್ ಸಾರಿತು. 1990ರ ದಶಕದ ಕೆಲವು ತೀರ್ಪುಗಳು ಇನ್ನೂ ಮುಂದೆ ಹೋಗಿ, ಇಷ್ಟು ವರ್ಷದಲ್ಲಿ ವಿಚಾರಣೆ ಆರಂಭವಾಗದಿದ್ದರೆ ಆರೋಪಿಯನ್ನು ಬಿಡುಗಡೆ ಮಾಡಬೇಕು ಎಂಬ ಮಿತಿಗಳನ್ನೇ ಹಾಕಿದವು. ಆ ಮಿತಿಗಳು ಬಿದ್ದದ್ದು ಕರ್ನಾಟಕದ ಪ್ರಕರಣದಲ್ಲಿ. ಮಂಗಳೂರು ಪಾಲಿಕೆಯ ನೌಕರರೊಬ್ಬರ ಮೇಲಿನ ಅಕ್ರಮ ಆಸ್ತಿ ಮೊಕದ್ದಮೆಯಲ್ಲಿ 1994ರಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗಿತ್ತು. 1999ರವರೆಗೂ ವಿಚಾರಣೆ ಶುರುವಾಗದ ಕಾರಣ ಆ ಮಿತಿಗಳನ್ನು ಉಲ್ಲೇಖಿಸಿ ವಿಶೇಷ ನ್ಯಾಯಾಧೀಶರು ಮೊಕದ್ದಮೆಯನ್ನು ಮುಗಿಸಿದರು. ಹೈಕೋರ್ಟ್ ಅದನ್ನು ತಿರುಗಿಸಿತು, ವಿಷಯ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಕ್ರಿಮಿನಲ್ ವಿಚಾರಣೆಗೆ ಹೊರಮಿತಿ ಹಾಕುವುದು ಶಾಸನ ರಚಿಸಿದಂತಾಗುತ್ತದೆ, ಅದು ನ್ಯಾಯಾಲಯದ ಕೆಲಸವಲ್ಲ, ವಿಳಂಬವನ್ನು ಆಯಾ ಪ್ರಕರಣದ ಸಂದರ್ಭದಲ್ಲಿಯೇ ಅಳೆಯಬೇಕು ಎಂದು 2002ರ ಏಪ್ರಿಲ್‌ನಲ್ಲಿ ಆ ಪೀಠ ತೀರ್ಪಿತ್ತಿತು. ಇಂದಿಗೂ ನಿಂತಿರುವ ಕಾನೂನು ಇದೇ. ಐದನೇ ವರ್ಷದ ಸೆರೆ ಕಾನೂನುಬಾಹಿರವಾಗದಿರುವುದಕ್ಕೆ ಒಂದು ಮುಖ್ಯ ಕಾರಣ ಈ ತೀರ್ಪಿನಲ್ಲಿದೆ.

ಇಂಗ್ಲೆಂಡ್ ಮತ್ತು ಜರ್ಮನಿ: ಅಭಿಯೋಜಕರ ಕತ್ತಿನ ಮೇಲೆ ಗಡುವು

ನಮ್ಮ ಸಂಹಿತೆಯ ತವರಾದ ಇಂಗ್ಲೆಂಡಿನಲ್ಲಿ ಚಿತ್ರ ಬಹಳ ಬೇರೆ. ಅಲ್ಲಿ ಆರೋಪ ಹೊರಿಸುವ ಮುನ್ನ ಪೊಲೀಸರು ಒಬ್ಬನನ್ನು ಸಾಮಾನ್ಯವಾಗಿ 24 ಗಂಟೆ, ಹಿರಿಯ ಅಧಿಕಾರಿಯ ಒಪ್ಪಿಗೆಯಿದ್ದರೆ 36 ಗಂಟೆ, ಮ್ಯಾಜಿಸ್ಟ್ರೇಟರ ಆದೇಶವಿದ್ದರೆ ಗರಿಷ್ಠ 96 ಗಂಟೆ ಮಾತ್ರ ಇಟ್ಟುಕೊಳ್ಳಬಹುದು. ಭಯೋತ್ಪಾದನೆಯ ಪ್ರಕರಣಗಳಲ್ಲಿ ಈ ಮಿತಿ 14 ದಿನ. ಆರೋಪ ಹೊರಿಸಿದ ಮೇಲೆ ಎರಡನೇ ಗಡುವು ಶುರುವಾಗುತ್ತದೆ. ಗಂಭೀರ ಅಪರಾಧಗಳನ್ನು ವಿಚಾರಿಸುವ ಕ್ರೌನ್ ಕೋರ್ಟಿನ ಪ್ರಕರಣವಾದರೆ 182 ದಿನದೊಳಗೆ ವಿಚಾರಣೆ ಆರಂಭವಾಗಬೇಕು, ಇಲ್ಲದಿದ್ದರೆ ಆರೋಪಿಗೆ ಜಾಮೀನು. ವಿಸ್ತರಣೆ ಬೇಕೆಂದರೆ ತಾವು ಶ್ರದ್ಧೆಯಿಂದ, ಚುರುಕಾಗಿ ಕೆಲಸ ಮಾಡಿದ್ದೇವೆಂದು ಅಭಿಯೋಜಕರು ನ್ಯಾಯಾಧೀಶರಿಗೆ ಮನವರಿಕೆ ಮಾಡಿಕೊಡಬೇಕು.

ಜರ್ಮನಿಯಲ್ಲಿ ಈ ಮಿತಿ ಆರು ತಿಂಗಳು. ಅದನ್ನು ಮೀರಿ ಒಬ್ಬನನ್ನು ಒಳಗಿಡಬೇಕಾದರೆ ಕಡತ ಮೇಲಿನ ಪ್ರಾದೇಶಿಕ ನ್ಯಾಯಾಲಯಕ್ಕೆ ಹೋಗಬೇಕು, ತನಿಖೆಯ ವಿಶೇಷ ಜಟಿಲತೆಯಂಥ ಗಟ್ಟಿ ಕಾರಣ ಕಾಣಬೇಕು. ನ್ಯಾಯಾಲಯಕ್ಕೆ ಕೆಲಸದ ಹೊರೆ ಹೆಚ್ಚು ಎಂಬುದು ದೀರ್ಘಕಾಲಕ್ಕೆ ಸಲ್ಲುವ ಕಾರಣವಲ್ಲ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ. ಸರ್ಕಾರ ಸಾಕಷ್ಟು ನ್ಯಾಯಾಧೀಶರನ್ನು ನೇಮಿಸದಿದ್ದರೆ ಅದರ ಬೆಲೆಯನ್ನು ಆರೋಪಿ ತನ್ನ ಸ್ವಾತಂತ್ರ್ಯದಿಂದ ತೆರಬೇಕಿಲ್ಲ ಎಂಬುದು ಆ ತರ್ಕ. ನಮ್ಮಲ್ಲಿ ವಿಳಂಬಕ್ಕೆ ಮೊದಲ ಸಮಜಾಯಿಷಿಯೇ ಖಾಲಿ ಹುದ್ದೆಗಳು ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ.

ಗಡುವಿದ್ದ ಮಾತ್ರಕ್ಕೆ ಸಮಸ್ಯೆ ತೀರಿತೆಂದು ಇದರ ಅರ್ಥವಲ್ಲ. ಕೊರೊನಾ ಕಾಲದಲ್ಲಿ ಇಂಗ್ಲೆಂಡ್ 182 ದಿನವನ್ನು ತಾತ್ಕಾಲಿಕವಾಗಿ 238ಕ್ಕೆ ಏರಿಸಿತು. ಕ್ರೌನ್ ಕೋರ್ಟುಗಳಲ್ಲಿ ಬಾಕಿ ಪ್ರಕರಣಗಳು 70 ಸಾವಿರ ದಾಟಿದ ಮೇಲೆ ವಿಸ್ತರಣೆಯ ಅರ್ಜಿಗಳು ಮಾಮೂಲಿಯಾದವು. ತೀರ್ಪುಗಾರ ಮಂಡಳಿಯ, ಅಂದರೆ ಜ್ಯೂರಿಯ, ಮುಂದೆ ಹೋಗುವ ಪ್ರಕರಣಗಳನ್ನೇ ಕಡಿಮೆ ಮಾಡಬೇಕೆಂಬ ಸಲಹೆ 2025ರಲ್ಲಿ ಬಂದದ್ದು ಈ ಒತ್ತಡದ ನಡುವೆಯೇ. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಅಲ್ಲಿ ಪ್ರತಿ ವಿಳಂಬಕ್ಕೂ ಯಾರೋ ಒಬ್ಬರು ಎದ್ದು ನಿಂತು ಕಾರಣ ಹೇಳಬೇಕು. ಇಲ್ಲಿ ಕಾರಣ ಕೇಳುವ ಹೊರೆ ಜಾಮೀನು ಅರ್ಜಿ ಹಾಕುವ ಕೈದಿಯದು.

ಕೆನಡಾ: ಗಡುವು ಮೀರಿದರೆ ಮೊಕದ್ದಮೆಯೇ ಇಲ್ಲ

ನಮ್ಮ 2002ರ ತೀರ್ಪಿಗೆ ನೇರ ಎದುರುದಾರಿ ಹಿಡಿದದ್ದು ಕೆನಡಾ. 2016ರ ಜೋರ್ಡನ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಾನೇ ಸಂಖ್ಯೆಗಳನ್ನು ನಿಗದಿಪಡಿಸಿತು: ಪ್ರಾಂತೀಯ ನ್ಯಾಯಾಲಯಗಳಲ್ಲಿ 18 ತಿಂಗಳು, ಮೇಲಿನ ನ್ಯಾಯಾಲಯಗಳಲ್ಲಿ 30 ತಿಂಗಳು. ಆರೋಪಿಯಿಂದಲೇ ಆದ ವಿಳಂಬವನ್ನು ಕಳೆದ ಮೇಲೂ ಈ ಅವಧಿ ಮೀರಿದ್ದರೆ, ಅಸಾಧಾರಣ ಸಂದರ್ಭವನ್ನು ಸರ್ಕಾರ ತೋರಿಸಬೇಕು. ತೋರಿಸಲಾಗದಿದ್ದರೆ ಮೊಕದ್ದಮೆ ಅಲ್ಲಿಗೇ ನಿಲ್ಲುತ್ತದೆ. ಜಾಮೀನಿನ ಮೇಲೆ ಬಿಡುವುದಲ್ಲ, ಮೊಕದ್ದಮೆಯನ್ನೇ ಕೈಬಿಡುವುದು.

ಪರಿಣಾಮ ಎರಡು ಬಗೆಯದಾಯಿತು. ಅಭಿಯೋಜಕರು ಯಾವ ಪ್ರಕರಣ ಹಿಡಿಯಬೇಕು, ಎಷ್ಟು ಸಾಕ್ಷಿಗಳನ್ನು ಕರೆಯಬೇಕು ಎಂದು ಮೊದಲೇ ಯೋಚಿಸತೊಡಗಿದರು, ನ್ಯಾಯಾಧೀಶರ ನೇಮಕಕ್ಕೆ ಸರ್ಕಾರಗಳ ಮೇಲೆ ಒತ್ತಡ ಬಿತ್ತು. ಇನ್ನೊಂದೆಡೆ ಕೊಲೆ ಆರೋಪವಿದ್ದ ಮೊಕದ್ದಮೆಗಳೂ ಗಡುವು ಮೀರಿ ನಿಂತುಹೋದವು. ಸತ್ತವನ ಮನೆಯವರಿಗೆ ಅಪರಾಧಿ ಎಂದಾಗಲಿ ನಿರಪರಾಧಿ ಎಂದಾಗಲಿ ತೀರ್ಪೇ ಸಿಗಲಿಲ್ಲ. ನ್ಯಾಯಾಲಯದ ಮೇಲೆ ಗಡುವು ಹೊರಿಸಿದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಈ ಇನ್ನೊಂದು ಬದಿಯನ್ನೂ ನೋಡಬೇಕು. ನಮ್ಮ ಏಳು ನ್ಯಾಯಮೂರ್ತಿಗಳು ಅಂಜಿದ್ದು ಇದಕ್ಕೇ, ಆ ಅಂಜಿಕೆ ಆಧಾರವಿಲ್ಲದ್ದೇನೂ ಅಲ್ಲ.

ಜಪಾನ್: ಗಡುವನ್ನು ಮತ್ತೆ ಮತ್ತೆ ಹುಟ್ಟಿಸುವ ಕಲೆ

ಕಾಗದದ ಮೇಲೆ ಜಪಾನಿನ ಲೆಕ್ಕ ನಮಗಿಂತ ಎಷ್ಟೋ ಬಿಗಿ. ಬಂಧನದ ಬಳಿಕ ಪೊಲೀಸರಿಗೆ 48 ಗಂಟೆ, ಅಭಿಯೋಜಕರಿಗೆ 24 ಗಂಟೆ, ನ್ಯಾಯಾಧೀಶರ ಆದೇಶದಿಂದ ಹತ್ತು ದಿನ, ಮತ್ತೆ ಹತ್ತು ದಿನ. ಒಟ್ಟು 23 ದಿನದಲ್ಲಿ ಆರೋಪ ಹೊರಿಸಬೇಕು, ಇಲ್ಲವೇ ಬಿಡಬೇಕು. ನಮ್ಮ 90ಕ್ಕೆ ಹೋಲಿಸಿದರೆ ಇದು ಕಾಲುಭಾಗ.

ಆದರೆ ಈ 23 ದಿನ ಪ್ರತಿ ಆರೋಪಕ್ಕೂ ಪ್ರತ್ಯೇಕ. ಒಂದು ಕೊಲೆಯನ್ನೇ ತೆಗೆದುಕೊಳ್ಳಿ. ಮೊದಲು ಹೆಣವನ್ನು ಎಸೆದ ಆರೋಪದಲ್ಲಿ ಬಂಧಿಸಿ 23 ದಿನ ವಿಚಾರಿಸುತ್ತಾರೆ. ಅದು ಮುಗಿಯುವಾಗ ಕೊಲೆಯ ಆರೋಪದಲ್ಲಿ ಮತ್ತೆ ಬಂಧಿಸುತ್ತಾರೆ, ಲೆಕ್ಕ ಒಂದರಿಂದ ಶುರುವಾಗುತ್ತದೆ. ಆರೋಪ ಹೊರಿಸುವವರೆಗೆ ಜಾಮೀನಿನ ಅವಕಾಶವೇ ಇಲ್ಲ, ಪೊಲೀಸರು ಪ್ರಶ್ನಿಸುವ ಕೊಠಡಿಯೊಳಗೆ ವಕೀಲರಿಗೆ ಪ್ರವೇಶವಿಲ್ಲ, ಬಹುಪಾಲು ಆರೋಪಿಗಳನ್ನು ಇಡುವುದು ಪೊಲೀಸ್ ಠಾಣೆಯದೇ ಸೆರೆಕೋಣೆಯಲ್ಲಿ. ಆರೋಪ ಹೊರಿಸಿದ ಮೇಲೂ ತಪ್ಪೊಪ್ಪಿಕೊಳ್ಳದವನು ಸಾಕ್ಷ್ಯ ನಾಶಪಡಿಸಬಹುದೆಂಬ ಕಾರಣಕ್ಕೆ ಜಾಮೀನು ಸಿಗುವುದು ಕಷ್ಟ. ಆರೋಪಿಯನ್ನು ಒತ್ತೆಯಾಳಾಗಿಟ್ಟುಕೊಂಡು ನಡೆಸುವ ನ್ಯಾಯ ಎಂದು ಅಲ್ಲಿನ ವಕೀಲರೇ ಇದನ್ನು ಕರೆಯುತ್ತಾರೆ. ನಿಸ್ಸಾನ್ ಕಂಪನಿಯ ಮುಖ್ಯಸ್ಥರಾಗಿದ್ದ ಕಾರ್ಲೋಸ್ ಘೋನ್ 2018ರ ನವೆಂಬರ್‌ನಲ್ಲಿ ಬಂಧಿತರಾಗಿ, ಮತ್ತೆ ಮತ್ತೆ ಬಂಧನಕ್ಕೊಳಗಾಗಿ, 2019ರ ಕೊನೆಯಲ್ಲಿ ಜಾಮೀನಿನ ಮೇಲಿದ್ದಾಗ ಪೆಟ್ಟಿಗೆಯೊಳಗೆ ಅಡಗಿ ದೇಶಬಿಟ್ಟಾಗ ಜಗತ್ತಿನ ಗಮನ ಇತ್ತ ಹರಿಯಿತು.

ಆ ಪ್ರಕರಣದ ಸದ್ದಿನಲ್ಲಿ ಕೇಳಿಸದೆ ಹೋದದ್ದು ಇನ್ನೊಂದು. ಯೊಕೊಹಾಮಾದ ಯಂತ್ರ ತಯಾರಿಕಾ ಕಂಪನಿಯೊಂದರ ಮೂವರನ್ನು ಅಕ್ರಮ ರಫ್ತಿನ ಆರೋಪದ ಮೇಲೆ 2020ರ ಮಾರ್ಚ್‌ನಲ್ಲಿ ಬಂಧಿಸಲಾಯಿತು. ಸೆರೆಯಲ್ಲಿದ್ದಾಗಲೇ ಅವರಲ್ಲಿ ಒಬ್ಬರಿಗೆ ಹೊಟ್ಟೆಯ ಕ್ಯಾನ್ಸರ್ ಇರುವುದು ಗೊತ್ತಾಯಿತು. ಜಾಮೀನು ಅರ್ಜಿಗಳು ಒಂದರ ಮೇಲೊಂದು ತಿರಸ್ಕೃತವಾದವು, 2021ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಐದು ತಿಂಗಳ ನಂತರ ಅಭಿಯೋಜಕರು ಮೊಕದ್ದಮೆಯನ್ನೇ ಹಿಂತೆಗೆದುಕೊಂಡರು. ಆ ತನಿಖೆಯೇ ಕಾನೂನುಬಾಹಿರವಾಗಿತ್ತು ಎಂದು 2025ರ ಮೇ ತಿಂಗಳಲ್ಲಿ ಟೋಕಿಯೊ ಹೈಕೋರ್ಟ್ ಹೇಳಿತು. ಜಪಾನಿನಲ್ಲಿ ಆರೋಪ ಹೊರಿಸಿದ ಪ್ರಕರಣಗಳಲ್ಲಿ 99 ಪ್ರತಿಶತಕ್ಕೂ ಹೆಚ್ಚು ಶಿಕ್ಷೆಯಲ್ಲಿ ಮುಗಿಯುತ್ತವೆ. ದುರ್ಬಲ ಪ್ರಕರಣಗಳನ್ನು ನಾವು ಮೊದಲೇ ಕೈಬಿಡುತ್ತೇವೆ, ಆದ್ದರಿಂದ ಹೀಗೆ ಎಂಬುದು ಅಭಿಯೋಜಕರ ವಿವರಣೆ. ಅದರಲ್ಲಿ ಸತ್ಯಾಂಶವಿದೆ. ಆದರೆ 1966ರಲ್ಲಿ ಬಂಧನವಾಗಿ ಸುಮಾರು ಮೂರು ವಾರದ ಪೊಲೀಸ್ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡು ಮರಣದಂಡನೆಗೆ ಗುರಿಯಾದ ಇವಾವೊ ಹಕಮಾಡಾ ನಿರ್ದೋಷಿ ಎಂದು ಘೋಷಿತರಾದದ್ದು 2024ರ ಸೆಪ್ಟೆಂಬರ್‌ನಲ್ಲಿ, ತಮ್ಮ 88ನೇ ವಯಸ್ಸಿನಲ್ಲಿ. ಇಪ್ಪತ್ತಮೂರು ದಿನವೆಂಬ ಚಿಕ್ಕ ಅವಧಿಯಲ್ಲಿ ಏನನ್ನು ಪಡೆಯಬಹುದೆಂಬುದಕ್ಕೆ ಅವರ ಪ್ರಕರಣವೇ ಸಾಕ್ಷಿ.

ಹಣ ಮತ್ತು ಪಹಣಿ

ಅಮೆರಿಕದ ಫೆಡರಲ್ ಕಾನೂನಿನಲ್ಲಿ ಆರೋಪ ಹೊರಿಸಲು 30 ದಿನ, ವಿಚಾರಣೆ ಆರಂಭಿಸಲು 70 ದಿನ ಎಂಬ ಗಡುವುಗಳು 1974ರ ಕಾಯ್ದೆಯಡಿ ಇವೆ. ಲೆಕ್ಕದಿಂದ ಕಳೆಯಬಹುದಾದ ದಿನಗಳ ಪಟ್ಟಿಯೂ ಅಷ್ಟೇ ಉದ್ದವಾಗಿದೆ. ಅಲ್ಲಿನ ನಿಜವಾದ ಜಗಳ ಹಣದ್ದು. ನ್ಯಾಯಾಧೀಶರು ಮೊತ್ತ ಗೊತ್ತುಮಾಡುತ್ತಾರೆ, ಕಟ್ಟಲಾಗದವರು ಶೇಕಡ ಹತ್ತರಷ್ಟನ್ನು ಜಾಮೀನು ವ್ಯಾಪಾರಿಗೆ ಕೊಟ್ಟು ಹೊರಬರುತ್ತಾರೆ, ಆ ಹಣ ಮರಳುವುದಿಲ್ಲ. ಅದಕ್ಕೂ ಗತಿಯಿಲ್ಲದವರು ಒಳಗೇ ಉಳಿಯುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಇಲಿನಾಯ್ ರಾಜ್ಯ ಹಣದ ಜಾಮೀನನ್ನು ಪೂರ್ತಿ ರದ್ದು ಮಾಡಿತು. ಇಂತಹ ಸುಧಾರಣೆಗಳ ವಿರುದ್ಧ 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದರು.

ನಮ್ಮಲ್ಲಿ ಜಾಮೀನು ವ್ಯಾಪಾರಕ್ಕೆ ಪರವಾನಗಿಯಿಲ್ಲ, ಅದರ ಜಾಗದಲ್ಲಿ ‘ಶ್ಯೂರಿಟಿ’ ಇದೆ. ಜಾಮೀನುದಾರರು ತಮ್ಮ ಜಮೀನಿನ ಪಹಣಿ, ಮನೆಯಾದರೆ ಕಂದಾಯ ಕಟ್ಟಿದ ರಸೀದಿ, ಗುರುತಿನ ಚೀಟಿ ಹಿಡಿದು ಖುದ್ದಾಗಿ ನ್ಯಾಯಾಲಯಕ್ಕೆ ಬರಬೇಕು. ರಾಯಚೂರಿನಿಂದ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದವನಿಗೆ ಇಲ್ಲಿ ಜಮೀನಿರುವ ನೆಂಟರು ಎಲ್ಲಿಂದ ಸಿಕ್ಕಾರು? ನಕಲಿ ಪಹಣಿ ಸೃಷ್ಟಿಸಿ ಹಣಕ್ಕೆ ಶ್ಯೂರಿಟಿ ನಿಲ್ಲುವವರ ಜಾಲ ಬೆಂಗಳೂರಿನಲ್ಲಿ ಆಗಾಗ ಸಿಕ್ಕಿಬೀಳುವುದಕ್ಕೆ ಕಾರಣ ಈ ಬೇಡಿಕೆಯೇ. 1978ರ ಮೋತಿರಾಮ್ ಪ್ರಕರಣದಲ್ಲಿಯೂ ಆರೋಪಿ ಒಬ್ಬ ಗಾರೆ ಕೆಲಸದವನು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು, ಶ್ಯೂರಿಟಿಗೆ ನಿಂತ ಆರೋಪಿಯ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅದನ್ನು ನಿರಾಕರಿಸಿದರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೇಳಿದ ಪ್ರಶ್ನೆಯಲ್ಲಿ ನಮ್ಮವರ ಹೆಸರೂ ಇದೆ: ಮಲಯಾಳಿಯೋ ಕನ್ನಡಿಗನೋ ಬಸ್ತರಿನಲ್ಲೋ ಚಾಂದನಿ ಚೌಕದಲ್ಲೋ ಬಂಧಿತನಾದರೆ ಅಲ್ಲಿ ಆಸ್ತಿಯಿರುವ ಜಾಮೀನುದಾರರನ್ನು ಎಲ್ಲಿಂದ ತರಬೇಕು? ಅದಾಗಿ ಸುಮಾರು ಅರ್ಧ ಶತಮಾನದ ಬಳಿಕ, 2023ರಲ್ಲಿ, ಜಾಮೀನು ಸಿಕ್ಕರೂ ಹಣವಿಲ್ಲದೆ ಒಳಗಿರುವವರಿಗೆ 40,000 ರೂಪಾಯಿವರೆಗೆ ನೆರವು ಕೊಡುವ ಯೋಜನೆಯನ್ನು ಕೇಂದ್ರ ತರಬೇಕಾಯಿತು.

ಎರಡು ವಾದಗಳು

2022ರ ಕೊನೆಗೆ ಭಾರತದ ಜೈಲುಗಳಲ್ಲಿ 5,73,220 ಕೈದಿಗಳಿದ್ದರು. ಅವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ಜೈಲುಗಳ ಒಟ್ಟು ಸಾಮರ್ಥ್ಯವೇ 4.36 ಲಕ್ಷ. ಶಿಕ್ಷೆಯಾದವರು ಯಾರೂ ಇಲ್ಲವೆಂದುಕೊಂಡರೂ ಜೈಲುಗಳು ತುಂಬಿಯೇ ಇರುತ್ತಿದ್ದವು.

ಪೊಲೀಸರ ಮತ್ತು ಸಂತ್ರಸ್ತರ ಪರವಾದ ವಾದ ಹೀಗಿದೆ. ಹೊರಬಂದ ಆರೋಪಿ ಅದೇ ಊರಿನಲ್ಲಿ ಅದೇ ಬೀದಿಯಲ್ಲಿ ಓಡಾಡಿದರೆ ಸಾಕ್ಷಿ ಹೇಳಲು ಯಾರು ಬಂದಾರು? ನಮ್ಮಲ್ಲಿ ಸಾಕ್ಷಿ ರಕ್ಷಣೆ ಹೆಚ್ಚಾಗಿ ಕಾಗದದ ಮೇಲಿದೆ, ಸಾಕ್ಷಿಗಳು ತಿರುಗಿಬೀಳುವುದು ನಿತ್ಯದ ಸಂಗತಿ. ಬಲಾಢ್ಯ ಆರೋಪಿಗಳ ವಿಷಯದಲ್ಲಿ ಸೆರೆಯೊಂದೇ ವಿಚಾರಣೆಯನ್ನು ಕಾಪಾಡುವ ಉಪಾಯ ಎಂಬ ಈ ಮಾತಿಗೆ ತೂಕವಿದೆ. ಎದುರು ವಾದ ಹೀಗಿದೆ. ಆ ತರ್ಕ ಬಲಾಢ್ಯರಿಗೆ ಹೊಂದುತ್ತದೆ. ಆದರೆ ಜೈಲು ತುಂಬಿರುವುದು ಅವರಿಂದಲ್ಲ. ವಿಳಂಬಕ್ಕೆ ಬೆಲೆ ತೆರುವವನು ಒಳಗಿರುವವನೇ ಆದಾಗ ವಿಳಂಬ ಮಾಡುವವರಿಗೆ ಆತುರವೇಕೆ? ತೀರ್ಪಿಗಿಂತ ಮುಂಚೆಯೇ ಶಿಕ್ಷೆ ಮುಗಿದಿರುವಾಗ ತೀರ್ಪು ಬರೆಯಲು ಯಾರಿಗೂ ಒತ್ತಡವಿರುವುದಿಲ್ಲ.

ಇವೆರಡರ ನಡುವೆ ಸುಪ್ರೀಂ ಕೋರ್ಟ್ 2021ರಲ್ಲಿ ಒಂದು ಎಳೆ ಹಿಡಿಯಿತು. ಕೇರಳದಲ್ಲಿ ಪ್ರಾಧ್ಯಾಪಕರ ಕೈ ಕತ್ತರಿಸಿದ ಪ್ರಕರಣದ ಆರೋಪಿಯೊಬ್ಬ ಐದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ, ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. ವಿಶೇಷ ಕಾಯ್ದೆ ಜಾಮೀನನ್ನು ಎಷ್ಟೇ ನಿರ್ಬಂಧಿಸಿದರೂ, ವಿಚಾರಣೆ ಸದ್ಯದಲ್ಲಿ ಮುಗಿಯುವ ಸೂಚನೆ ಇಲ್ಲದಿದ್ದರೆ ಸಾಂವಿಧಾನಿಕ ನ್ಯಾಯಾಲಯಗಳು ಜಾಮೀನು ಕೊಡಬಹುದು ಎಂದಿತು ಆ ತೀರ್ಪು. ‘ಕೊಡಬಹುದು’ ಎಂಬ ಪದದಲ್ಲಿ ಎಲ್ಲವೂ ಅಡಗಿದೆ. ಗಡುವಿದ್ದರೆ ಅಲ್ಲಿ ‘ಕೊಡಬೇಕು’ ಎಂದಿರುತ್ತಿತ್ತು. ಗಡುವಿಲ್ಲದ ಕಡೆ ಪೀಠ ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಒಂದೇ ಕಾನೂನಿನಡಿ ಒಂದು ನ್ಯಾಯಾಲಯ ಕೊಟ್ಟದ್ದನ್ನು ಇನ್ನೊಂದು ಕಸಿದುಕೊಂಡ ಸುದ್ದಿಗಳು ಓದುಗರನ್ನು ತಬ್ಬಿಬ್ಬುಗೊಳಿಸುವುದು ಹೀಗೆ.

ಹೊಸ ಸಂಹಿತೆಯಿಂದ ಏನಾದೀತು

ಹೊಸ ಸಂಹಿತೆ ನ್ಯಾಯಾಲಯದ ಮೇಲೂ ದಿನಾಂಕಗಳನ್ನು ಬರೆದಿದೆ. ಆರೋಪ ನಿಗದಿಗೆ ಮೊದಲ ವಿಚಾರಣೆಯಿಂದ 60 ದಿನ, ಸೆಷನ್ಸ್ ಪ್ರಕರಣದಲ್ಲಿ ವಾದ ಮುಗಿದ ಮೇಲೆ ತೀರ್ಪಿಗೆ 30 ದಿನ, ಕಾರಣವಿದ್ದರೆ 45, ಸಂದರ್ಭ ಕೈಮೀರಿದಾಗ ವಾಯಿದೆ ಎರಡೇ ಬಾರಿ. ಆದರೆ ಈ ದಿನಾಂಕಗಳು ಮೀರಿದರೆ ಏನು ಎಂಬಲ್ಲಿ ಸಂಹಿತೆ ಮೌನವಾಗಿದೆ. ಪೊಲೀಸರ 90ರ ಬೆನ್ನಿಗೆ ಜಾಮೀನೆಂಬ ಪರಿಣಾಮವಿದೆ, ನ್ಯಾಯಾಲಯದ 60ರ ಬೆನ್ನಿಗೆ ಏನೂ ಇಲ್ಲ. ಇಂಗ್ಲೆಂಡ್, ಜರ್ಮನಿ, ಕೆನಡಾಗಳ ಅನುಭವ ನೋಡಿದರೆ ಪರಿಣಾಮವಿಲ್ಲದ ಗಡುವು ಸಲಹೆಯಾಗಿಯೇ ಉಳಿಯುವ ಸಂಭವ ಹೆಚ್ಚು.

ಪೊಲೀಸರ ಗಡುವಿನ ಮೇಲಂತೂ ಒತ್ತಡ ಏರಲಿದೆ. ಏಳು ವರ್ಷ ಮತ್ತು ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರುವುದನ್ನು ಸಂಹಿತೆ ಕಡ್ಡಾಯ ಮಾಡಿದೆ, ಇದಕ್ಕೆ ಅಣಿಯಾಗಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದೆ. ಮಾದರಿಗಳು ಹೆಚ್ಚಿದಷ್ಟೂ ಪ್ರಯೋಗಾಲಯದ ಮುಂದೆ ಸಾಲು ಬೆಳೆಯುತ್ತದೆ. 90ನೇ ದಿನ ಹತ್ತಿರವಾದಾಗ ತನಿಖಾಧಿಕಾರಿ ವರದಿಯಿಲ್ಲದೆಯೇ ಆರೋಪಪಟ್ಟಿ ಸಲ್ಲಿಸಿ ‘ಹೆಚ್ಚುವರಿ ಆರೋಪಪಟ್ಟಿ ಸಲ್ಲಿಸುವ ಹಕ್ಕು ಕಾಯ್ದಿರಿಸಿದೆ’ ಎಂದು ಕೊನೆಯಲ್ಲಿ ಬರೆಯುವುದು ಈಗಲೂ ಇದೆ, ಇನ್ನು ಹೆಚ್ಚಲಿದೆ. ಹಾಗೆ ಅಪೂರ್ಣ ಪಟ್ಟಿ ಸಲ್ಲಿಸಿ ಡೀಫಾಲ್ಟ್ ಜಾಮೀನು ತಪ್ಪಿಸುವಂತಿಲ್ಲ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ಹೇಳಿತು. ಕೆಲವೇ ದಿನದಲ್ಲಿ ಇನ್ನೊಂದು ಪೀಠ, ಆ ತೀರ್ಪನ್ನು ನೆಚ್ಚಿ ಬಂದ ಅರ್ಜಿಗಳನ್ನು ಮುಂದೂಡುವಂತೆ ಸೂಚಿಸಿತು. 1898ರ ಸಂಹಿತೆಯ ಕಾಲದ ಅಪೂರ್ಣ ವರದಿಯ ಉಪಾಯ ಬೇರೆ ಹೆಸರಿನಲ್ಲಿ ಮರಳಿ ಬಂದಿದೆ ಎನ್ನದೆ ವಿಧಿಯಿಲ್ಲ.

ನಿಜವಾದ ಸಡಿಲಿಕೆ ಇರುವುದು 479ನೇ ಸೆಕ್ಷನ್‌ನಲ್ಲಿ. ಈ ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಗೆ ಗುರಿಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದರಷ್ಟು ಕಾಲ ಕಳೆದಿದ್ದರೆ ಬಿಡಬೇಕು. ನ್ಯಾಯಾಲಯಕ್ಕೆ ಅರ್ಜಿ ಹಾಕುವ ಹೊಣೆಯನ್ನು ಜೈಲು ಅಧೀಕ್ಷಕರ ಮೇಲೆ ಹೊರಿಸಲಾಗಿದೆ, ಅಂದರೆ ಎಣಿಸುವ ಕೆಲಸ ಕೈದಿಯದಲ್ಲ. 2024ರ ಜುಲೈಗಿಂತ ಮುಂಚಿನ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ ಎಂದು ಆ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೆ ಒಂದಕ್ಕಿಂತ ಹೆಚ್ಚು ಮೊಕದ್ದಮೆ ಬಾಕಿಯಿರುವವರನ್ನು ಅದೇ ಸೆಕ್ಷನ್ ಹೊರಗಿಡುತ್ತದೆ. ಒಂದೇ ಘಟನೆಯಿಂದ ಎರಡು ಠಾಣೆಗಳಲ್ಲಿ ದೂರು ದಾಖಲಾದವನೂ, ಎರಡು ಬೈಕ್ ಕಳ್ಳತನದ ಆರೋಪ ಹೊತ್ತ ಹುಡುಗನೂ ಇದರ ಲಾಭ ಪಡೆಯಲಾರರು. ಕೊಲೆ ಆರೋಪ ಹೊತ್ತವರಂತೂ ಮೊದಲಿನಿಂದಲೂ ಹೊರಗೇ. ಅವರ ವಿಷಯದಲ್ಲಿ ಆರೋಪಪಟ್ಟಿ 89ನೇ ದಿನ ಬಂತೆಂದರೆ, ಆ ಮೇಲೆ ಕಾನೂನಿನಲ್ಲಿ ಉಳಿಯುವ ದಿನಾಂಕ ಮುಂದಿನ ವಾಯಿದೆಯದು ಮಾತ್ರ.